ಸುಣ್ಣದ ಡಬ್ಬಿಯೊಳಗಿನ ಸಕ್ಕರೆ

ರಂಜಾನ್ ಬರುವ ಮುಂಚೆ ಅಡುಗೆಮನೆಯ ಡ್ರಾಯರುಗಳನ್ನೆಲ್ಲ ಖಾಲಿ ಮಾಡಿ ಒರೆಸುವುದು ನನ್ನ ರೂಢಿ. ಈ ಸಲ ಕೆಳಗಿನ ಡ್ರಾಯರಿನ ಮೂಲೆಯಲ್ಲಿ, ಸತ್ತ ಬ್ಯಾಟರಿ, ರಬ್ಬರ್ ಬ್ಯಾಂಡುಗಳ ನಡುವೆ, ಹಿತ್ತಾಳೆಯ ಸುಣ್ಣದ ಡಬ್ಬಿಯೊಂದು ಸಿಕ್ಕಿತು. ಹೆಬ್ಬೆರಳಿಗಿಂತ ತುಸು ದಪ್ಪ, ತಿರುಗಿಸಿ ತೆಗೆಯುವ ಮುಚ್ಚಳ. ತೆಗೆದೆ. ಒಣಗಿದ ಸುಣ್ಣದ ವಾಸನೆ, ಅದರ ಅಡಿಯಲ್ಲೆಲ್ಲೋ ತಂಬಾಕಿನ ಘಾಟು... ಇಷ್ಟು ವರ್ಷಗಳಾದರೂ ಹೋಗಿರಲಿಲ್ಲ. ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. ಡಬ್ಬಿಯ ಒಳಗೆ ಒಂದು ಪೊಟ್ಟಣವಿತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಡಬ್ಬಿ ಕೆಳಮನೆ ಅವ್ವನದು.

ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಅವರು ಕೆಳಗೆ. ಹುಬ್ಬಳ್ಳಿ ಕಡೆಯವರು, ಆಗಲೇ ಎಪ್ಪತ್ತು ದಾಟಿತ್ತು. ಮಗಳು ಡಾಕ್ಟರು. ಆ ಮಗಳ ಜೊತೆ ಆರು ವರ್ಷ ಆಸ್ಟ್ರೇಲಿಯಾದ ಒಂದು ಸಣ್ಣ ಊರಿನಲ್ಲಿದ್ದು, ಅಲ್ಲಿಂದ ಇಲ್ಲಿಗೆ ಬಂದಿದ್ದರು. ಅವರ ಪರಿಚಯವಾದದ್ದು ಮೆಟ್ಟಿಲ ಮೇಲೆ. ಲಂಚ್ ಬಾಕ್ಸು ಮರೆತು ಬಂದ ಮಗಳನ್ನು ನಾನು ಕನ್ನಡದಲ್ಲಿ ಗದರಿಸುತ್ತ ಹತ್ತುತ್ತಿದ್ದೆ. ಕೆಳಗಿನ ಬಾಗಿಲು ತೆರೆಯಿತು.

“ಗದಗ ಕಡ್ಯಾಕಿ ಏನಬೇ ನೀನು?”

ನಾನು ಮೆಟ್ಟಿಲ ಮೇಲೇ ತಿರುಗಿ ನಿಂತೆ. ನನ್ನ ತಲೆಯ ಮೇಲಿನ ಸ್ಕಾರ್ಫು ನೋಡಿ ಇಲ್ಲಿಯ ಕನ್ನಡದವರು ನನ್ನೊಡನೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಶುರು ಮಾಡುತ್ತಿದ್ದರು. ಗ್ರೋಸರಿ ಅಂಗಡಿಯಲ್ಲಿ ಹೀರೇಕಾಯಿ ಆರಿಸುತ್ತ ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ, “ಓ, ನಿಮಗೆ ಕನ್ನಡ ಬರುತ್ತಾ?” ಎನ್ನುತ್ತಿದ್ದರು. ಏಳನೆಯ ತರಗತಿಯವರೆಗೆ ಪ್ರತಿ ವರ್ಷ ಕನ್ನಡದಲ್ಲಿ ಮೊದಲು ಬರುತ್ತಿದ್ದವಳು ನಾನು. ಅವ್ವ ನನ್ನ ಸ್ಕಾರ್ಫನ್ನು ನೋಡಲೇ ಇಲ್ಲ, ಬೈಗುಳವನ್ನಷ್ಟೇ ಕೇಳಿದ್ದರು.

ಮರುದಿನ ಒಂದು ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಮೇಲೆ ಬಂತು. ಡಬ್ಬಿ ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ಹಿಂದಿರುಗಿಸಿದೆ. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರಬೇಕು. ನನ್ನ ಅಮ್ಮಿ ಮಾಡುತ್ತಿದ್ದದ್ದು ಅದೇ, ಅವ್ವನ ತಾಯಿ ಮಾಡುತ್ತಿದ್ದದ್ದೂ ಅದೇ.

ಅವ್ವ ಮುಚ್ಚಳ ತೆಗೆದು ನಕ್ಕರು. “ಸಕ್ಕರಿ ಬ್ಯಾಡಬೇ ತಂಗಿ. ನನ್ನ ಮೈಯಾಗನ ಬೇಕಾದಷ್ಟ ಐತಿ.”

ಎರಡು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರ್ ಮಗಳು ಎಲೆ, ಅಡಿಕೆ, ತಂಬಾಕನ್ನೂ ಬಿಡಿಸಿದ್ದರು. ನಾನು ಮಾತ್ರ ಪ್ರತಿ ಸಲವೂ ಡಬ್ಬಿಗೆ ಸಕ್ಕರೆ ಹಾಕುತ್ತಲೇ ಇದ್ದೆ. ಅವರು ಪ್ರತಿ ಸಲವೂ ಬೈಯುತ್ತಿದ್ದರು.

ಅವರು ಕಳಿಸುವ ಜೋಳದ ರೊಟ್ಟಿ ಒಂದು ವಿಚಿತ್ರ ಬಟ್ಟೆಯಲ್ಲಿ ಸುತ್ತಿರುತ್ತಿತ್ತು. ಪಾತ್ರೆ ಒರೆಸುವ ಬಿಳಿ ಬಟ್ಟೆ, ಅದರ ಮೇಲೆ ಗಡ್ಡದವನೊಬ್ಬನ ಚಿತ್ರ. ಯಾರು ಇವನು ಎಂದು ಕೇಳಿದೆ. ಅವರು ಇದ್ದ ಆ ಆಸ್ಟ್ರೇಲಿಯಾದ ಊರಿನ ಬೆಟ್ಟಗಳಲ್ಲಿ ಹಿಂದೆ ದರೋಡೆಕೋರರು ಅಡಗಿರುತ್ತಿದ್ದರಂತೆ, ಇವನೂ ಅವರಲ್ಲೊಬ್ಬ. ಈಗ ಅವರನ್ನು ಕೂಡಿಟ್ಟ ಜೈಲು, ವಿಚಾರಿಸಿದ ಕೋರ್ಟು ಎಲ್ಲವೂ ಜನ ಬಂದು ನೋಡುವ ಜಾಗಗಳು.

“ಇದ್ದಾಗ ಹಿಡದು ನೇಣ ಹಾಕಿದ್ರು” ಎಂದರು ಅವ್ವ. “ಈಗ ನೋಡ, ಅರಿವಿ ಮ್ಯಾಲ ಚಿತ್ರ ಹಾಕಿ ಮಾರತಾರ.”

ಜಿಯೋಕ್ಯಾಶಿಂಗ್ ಎಂಬ ಹುಡುಕಾಟದ ಆಟವನ್ನು ಅವರು ಕಲಿತದ್ದು ಆ ಊರಿನಲ್ಲೇ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿ, ಆ ಜಾಗದ ಗುರುತನ್ನು ಫೋನಿನ ಆ್ಯಪಿಗೆ ಹಾಕುತ್ತಾರೆ. ಬೇರೆಯವರು ಫೋನು ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಒಳಗಿರುವ ಆಟಿಕೆಯನ್ನೋ ಗುಂಡಿಯನ್ನೋ ತೆಗೆದುಕೊಂಡರೆ ಅಷ್ಟೇ ಬೆಲೆಯ ಬೇರೇನನ್ನಾದರೂ ಇಡಬೇಕು. ಈ ಕೊನೆಯ ನಿಯಮ ಕೇಳಿದ ಕೂಡಲೇ ನನಗೆ ಆಟ ಅರ್ಥವಾಗಿಬಿಟ್ಟಿತು. ಪಾತ್ರೆ ಬರಿದು ಮಾಡಬಾರದು, ಅಷ್ಟೇ ತಾನೆ?

ಅರ್ಥವಾಯಿತೇ ಹೊರತು ಹೋಗುವ ಧೈರ್ಯವಿರಲಿಲ್ಲ. ಆ ದಿನಗಳಲ್ಲಿ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದೆವು. ಯಾರ ಕಣ್ಣಿಗೂ ಬೀಳದಂತೆ ಇರಬೇಕು ಎನ್ನುವುದು ನಮ್ಮ ಯಜಮಾನರ ಲೆಕ್ಕ. ಮಸೀದಿ, ಮಗಳ ಸ್ಕೂಲು, ಗ್ರೋಸರಿ... ಇಷ್ಟೇ ನನ್ನ ಅಮೆರಿಕ. ಅದಕ್ಕೂ ನಾನು ಶುಕ್ರಿಯಾ ಹೇಳುತ್ತಿದ್ದೆ. ದಿನವೂ ಸಂಜೆಯ ಮಗ್ರಿಬ್ ನಮಾಜಿನ ನಂತರ ಮೂವತ್ತಮೂರು ಮಣಿಯ ತಸ್ಬೀಹ್ ಸರ ಹಿಡಿದು, ಆ ದಿನ ಅಲ್ಲಾಹನು ತೋರಿದ ಸಣ್ಣ ದಯೆಗಳನ್ನು ಮಣಿಗೊಂದರಂತೆ ಎಣಿಸುವುದು ನನ್ನ ಅಭ್ಯಾಸ. ಹಾಲು ಉಕ್ಕುವ ಮೊದಲೇ ನೋಡಿದೆ, ಒಂದು. ಮಗಳ ಜ್ವರ ಇಳಿಯಿತು, ಎರಡು. ಹೊರಗೆ ಹೋಗದಿದ್ದರೂ ಮಣಿಗಳು ತುಂಬುತ್ತಿದ್ದವು.

“ಮನ್ಯಾಗ ಕುಂತು ಎಣಿಸಿದ್ರ ಎಷ್ಟ ಸಿಗತಾವಬೇ?” ಅಂದರು ಅವ್ವ ಒಂದು ದಿನ. “ಹೊರಗ ಬಾ.”

ಮೊದಲ ಸಲ ಹೋದದ್ದು ಅಲಮೇಡಾ ಕ್ರೀಕ್ ಎಂಬ ಹೊಳೆಯ ದಂಡೆಗೆ. ಅವ್ವನ ಎರಡೂ ಮೊಣಕಾಲು ಸವೆದಿದ್ದವು, ಅತ್ತ ಇತ್ತ ಓಲಾಡುತ್ತ ನಡೆಯುತ್ತಿದ್ದರು. ಇಳಕಲ್ ಸೀರೆ, ಕೆಳಗೆ ಬಿಳಿ ಶೂ. ಡಬ್ಬಿ ತೆಗೆಯುವಾಗ ದಾರಿಹೋಕರು ನೋಡಬಾರದು ಎನ್ನುವುದು ಈ ಆಟದ ಇನ್ನೊಂದು ಪದ್ಧತಿ. ನಾನು ಬೆವರುತ್ತ ಸುತ್ತ ನೋಡುತ್ತಿದ್ದೆ. ಅವ್ವನಿಗೆ ಅದು ಒಪ್ಪಿಗೆಯೇ ಇರಲಿಲ್ಲ. ಬೆಂಚಿನ ಕೆಳಗೆ ಕೈ ಹಾಕಿಕೊಂಡೇ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ಯಾರಾದರೂ ನಿಂತು ನೋಡಿದರೆ ಕೈ ಬೀಸಿ ಕರೆಯುತ್ತಿದ್ದರು. “ಏನ ನೋಡ್ತಿ? ಬಾ, ನೀನೂ ಹುಡುಕು!” ಕನ್ನಡದಲ್ಲೇ. ಅವರು ನಕ್ಕು ಮುಂದೆ ಹೋಗುತ್ತಿದ್ದರು. ಕೆಲವರು ನಿಜವಾಗಿಯೂ ಬರುತ್ತಿದ್ದರು.

ಹೀಗೆ ಒಂದು ವರ್ಷ ಕಳೆಯಿತು. ಆಮೇಲೆ ಅವ್ವನಿಗೆ ಆ್ಯಪಿನಲ್ಲೋ ಎಲ್ಲೋ ಒಂದು ಸುದ್ದಿ ಸಿಕ್ಕಿತು. ಚಿನ್ನ ಸಿಕ್ಕಿತೆಂದು ಜಗತ್ತೇ ಇಲ್ಲಿಗೆ ಹರಿದು ಬಂದ ಕಾಲದಲ್ಲಿ ಆಸ್ಟ್ರೇಲಿಯಾದಿಂದಲೂ ಹಡಗು ತುಂಬ ಜನ ಬಂದಿದ್ದರಂತೆ. ಕೆಲವರು ಅಲ್ಲಿ ಜೈಲು ಕಂಡವರು. ಸ್ಯಾನ್ ಫ್ರಾನ್ಸಿಸ್ಕೊದ ಗುಡ್ಡದ ಬುಡದಲ್ಲಿ ಅವರು ನೆಲೆಸಿದ ಕೇರಿಗೆ ಸಿಡ್ನಿ ಟೌನ್ ಎಂದು ಹೆಸರು. ಊರಿನವರು ಅವರನ್ನು ‘ಸಿಡ್ನಿ ಬಾತುಕೋಳಿಗಳು’ ಎನ್ನುತ್ತಿದ್ದರಂತೆ. ಊರಿಗೆ ಬೆಂಕಿ ಬಿದ್ದರೂ ಬಾತುಕೋಳಿಗಳು, ಗಂಟು ಕಳೆದರೂ ಬಾತುಕೋಳಿಗಳು. ನಾಲ್ಕು ಮಂದಿಯನ್ನು ಊರಿನ ದೊಡ್ಡವರೇ ಸೇರಿ ನೇಣು ಹಾಕಿದರು, ಉಳಿದ ಹಲವರನ್ನು ಹಡಗು ಹತ್ತಿಸಿದರು.

“ಅವರೊಳಗ ಕಳ್ಳರೂ ಇದ್ದರು ಬಿಡು” ಎಂದರು ಅವ್ವ. “ಆದರ ಎಲ್ಲಾರೂ ಕಳ್ಳರಿದ್ದರೇನಬೇ? ರೊಟ್ಟಿ ಬಡಿಯಾಕಿ ಒಬ್ಬಾಕಿನೂ ಇರಲಿಲ್ಲೇನು ಆ ಕೇರಿಯಾಗ?”

ಅಲ್ಲಿ ತಮ್ಮದೇ ಒಂದು ಡಬ್ಬಿ ಇಡಬೇಕೆಂದು ಅವ್ವ ಹಟ ಹಿಡಿದರು. ಅದುವರೆಗೆ ನಾವು ಬೇರೆಯವರದನ್ನು ಹುಡುಕುತ್ತಿದ್ದೆವು, ನಮ್ಮದು ಎನ್ನುವುದು ಈ ದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಸೊಂಟದ ಚಂಚಿಯಿಂದ ಈ ಸುಣ್ಣದ ಡಬ್ಬಿ ತೆಗೆದರು. “ಎಲಿ ಅಡಿಕಿ ಬಿಡಿಸಿದಾಗಿಂದ ಇದೂ ನನ್ನಂಗ ರಿಟೈರ ಆಗೇತಿ. ಕೆಲಸಕ್ಕ ಹಚ್ಚೂಣು.” ಆಟದಲ್ಲಿ ನಮಗೊಂದು ಹೆಸರು ಬೇಕಿತ್ತು. ಅದನ್ನೂ ಅವರೇ ಇಟ್ಟರು, ಎರಡು ಬಾತುಕೋಳಿ.

ಒಂದು ಶನಿವಾರ ಟ್ರೇನಿನಲ್ಲಿ ಹೋಗಿ, ಗುಡ್ಡದ ಬುಡದ ಒಂದು ಸಣ್ಣ ಕಾಫಿ ಅಂಗಡಿಯವನ ಒಪ್ಪಿಗೆ ಕೇಳಿದೆವು. ಇಂಗ್ಲಿಷಿನಲ್ಲಿ ಕೇಳುವ ಕೆಲಸ ನನ್ನದು, ಪಕ್ಕದಲ್ಲಿ ನಿಂತು ಅವನನ್ನು ದಿಟ್ಟಿಸುವ ಕೆಲಸ ಅವ್ವನದು. ಅವನು ನಕ್ಕು ಒಪ್ಪಿಕೊಂಡ. ಬಾಗಿಲ ಪಕ್ಕದ ಹೂಕುಂಡದ ಹಿಂದೆ ಇಟ್ಟಿಗೆಯ ಸಂದಿಯೊಂದಿತ್ತು. ಚೀಟಿ ಸುತ್ತಿ ಡಬ್ಬಿಗೆ ಹಾಕಿ ಅವ್ವ ನನ್ನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳತೊಡಗಿದರು.

ತಪ್ಪು ಮಾಡಿದ್ದು ನಾನು, ಆಗ. ತಿನ್ನುವ ಪದಾರ್ಥ ಇಡಬಾರದು ಎಂದು ನಿಯಮದಲ್ಲಿ ಇತ್ತು. ಇರುವೆ ಬರುತ್ತದೆಂದು ಇರಬೇಕು, ಡಬ್ಬಿಗೆ ಮುಚ್ಚಳವಿದೆಯಲ್ಲ ಅಂದುಕೊಂಡೆ. ನಮ್ಮ ಮೊದಲ ಡಬ್ಬಿ, ಅದನ್ನು ತೆರೆಯುವವರಿಗೆ ಒಳಗೆ ಬರೀ ಚೀಟಿ ಸಿಗುವುದೇ? ಪ್ಲಾಸ್ಟಿಕ್ಕಿನ ತುಂಡಿನಲ್ಲಿ ಚಿಟಿಕೆ ಸಕ್ಕರೆ ಕಟ್ಟಿಕೊಂಡು ಬಂದಿದ್ದೆ, ದಾರ ಸುತ್ತಿ. ಅದನ್ನು ಒಳಗೆ ತೂರಿಸಿ ಮುಚ್ಚಳ ತಿರುಗಿಸಿದೆ. ಅವ್ವನಿಗೂ ಹೇಳಲಿಲ್ಲ.

ಹದಿನೈದು ದಿನ ಬಿಟ್ಟು ಒಂದು ಸೋಮವಾರ ನೋಡಲು ಹೋದೆವು. ನನಗೆ ಅಂದು ಸೋಮವಾರದ ರೋಜಾ ಉಪವಾಸ. ಬೀದಿಯ ತಿರುವಿನಲ್ಲೇ ಕಂಡಿತು, ಅಂಗಡಿಯ ಮುಂದೆ ಪೊಲೀಸ್ ಕಾರು. ಇಬ್ಬರು ಪೊಲೀಸರು. ದೂರದಲ್ಲಿ ಹತ್ತು ಹನ್ನೆರಡು ಜನ. ಹೂಕುಂಡದ ಪಕ್ಕ ಕಾಲುದಾರಿಯ ಮೇಲೆ ಮುಚ್ಚಳ ಬಿಚ್ಚಿದ ನಮ್ಮ ಡಬ್ಬಿ, ಅದರ ಪಕ್ಕದಲ್ಲಿ ನನ್ನ ಪೊಟ್ಟಣ. ಡಬ್ಬಿಯ ಒಳಗೋಡೆಗೆ ಅಂಟಿದ ಸುಣ್ಣವೂ ಬೆಳ್ಳಗೆ, ಪೊಟ್ಟಣವೂ ಬೆಳ್ಳಗೆ. ಜಾಗಿಂಗ್ ಬಟ್ಟೆ ತೊಟ್ಟ ಒಬ್ಬಾತ ಕೈ ಚಾಚಿ ಚಾಚಿ ವಿವರಿಸುತ್ತಿದ್ದ. ಬಿಳಿ ಪುಡಿ ಎನ್ನುವ ಮಾತು ನನ್ನ ಕಿವಿಗೆ ಬಿತ್ತು. ನೋಡಿ ಫೋನು ಮಾಡಿದವನು ಅವನೇ ಇರಬೇಕು.

ಗ್ರೀನ್ ಕಾರ್ಡು, ಮಗಳು, ಯಜಮಾನರ ಮುಖ, ನನ್ನ ಸ್ಕಾರ್ಫು... ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಅವ್ವನ ಸೆರಗು ಹಿಡಿದು ಜಗ್ಗಿದೆ.

“ಅವ್ವಾರ, ನಡೀರಿ. ಯಾರೂ ನೋಡಿಲ್ಲ, ಹೋಗೂಣು.”

“ಯಾಕ?”

“ಅದು ಸಕ್ಕರಿರೀ. ನಾನ ಇಟ್ಟಿದ್ದೆ. ಅವರು ಏನೋ ತಿಳಕೊಂಡಾರ.”

ಅವ್ವ ಒಮ್ಮೆ ನನ್ನನ್ನು, ಒಮ್ಮೆ ಪೊಟ್ಟಣವನ್ನು ನೋಡಿದರು. ಈಗ ಬೈಯುತ್ತಾರೆ ಅಂದುಕೊಂಡೆ.

“ಸಕ್ಕರಿ ಇಟ್ಟಾಕಿ ಓಡಿಹೋದರ ಅದು ಸಕ್ಕರಿ ಆಗಿ ಉಳೀತೈತೇನಬೇ?” ಎಂದು ನನ್ನ ಕೈ ಬಿಡಿಸಿಕೊಂಡು, ಓಲಾಡುತ್ತ ರಸ್ತೆ ದಾಟಿಯೇಬಿಟ್ಟರು.

ಬೇರೆ ದಾರಿ ಇರಲಿಲ್ಲ. ಬಿಸ್ಮಿಲ್ಲಾ ಎಂದು ಹಿಂದೆಯೇ ಹೋದೆ.

ಹಿರಿಯ ಪೊಲೀಸನು ಕೈ ಎತ್ತಿ ನಮ್ಮನ್ನು ಅಲ್ಲೇ ನಿಲ್ಲಿಸಿದ. ಡಬ್ಬಿ ಯಾರದೆಂದು ಕೇಳಿದ. ಅವ್ವ ನನ್ನ ಕಡೆ ತಿರುಗಿ, “ಹೇಳಬೇ” ಅಂದರು. ಹೇಳಿದೆ, ನಮ್ಮದು. ಆಟದ್ದು. ಅಂಗಡಿಯವರು ಒಪ್ಪಿದ್ದಾರೆ. ಅದರಲ್ಲಿರುವುದು ಸಕ್ಕರೆ. ಇಟ್ಟವಳು ನಾನು. ಅವನು ಹೆಸರು ಕೇಳಿದ. ಪೂರ್ತಿ ಹೆಸರು ಹೇಳಿದೆ, ಅಪ್ಪನ ಹೆಸರೂ ಸೇರಿಸಿ.

“ಡಬ್ಬಿಯೊಳಗೆ ಸಕ್ಕರೆ ಯಾಕೆ, ಮ್ಯಾಮ್?”

ಈ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಏನೆಂದು ಉತ್ತರಿಸಲಿ? ಬರಿದು ಕೊಡಬಾರದು, ಎಂದೆ. ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗ ನನಗೆ ನೆನಪಾಯಿತು. ಹಳೆಯದನ್ನು ಯಾರಾದರೂ ತೆಗೆದುಕೊಂಡಿದ್ದರೆ ಬದಲು ಇಡಲೆಂದು ಪರ್ಸಿನಲ್ಲಿ ಅಂಥದೇ ಇನ್ನೊಂದು ಪೊಟ್ಟಣ ತಂದಿದ್ದೆ. ಕೇಳಿ, ಅವನು ಹೂಂ ಎಂದ ಮೇಲೆ, ನಿಧಾನವಾಗಿ ತೆಗೆದು ತೋರಿಸಿದೆ. ಹಿರಿಯನ ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು.

ಅಷ್ಟರಲ್ಲಿ ಅವ್ವ ಅದನ್ನು ನನ್ನ ಅಂಗೈಯಿಂದ ಎತ್ತಿಕೊಂಡರು. “ಈಕಿ ಉಪಾಸ ಅದಾಳ, ತಿನ್ನಂಗಿಲ್ಲ” ಎಂದು ಪೊಲೀಸನಿಗೆ ಕನ್ನಡದಲ್ಲಿ ತಿಳಿಸಿ, ದಾರ ಹಲ್ಲಿನಿಂದ ಕಚ್ಚಿ ಬಿಚ್ಚಿ, ಸಕ್ಕರೆಯನ್ನೆಲ್ಲ ಬಾಯಿಗೆ ಸುರಿದುಕೊಂಡರು. ಕಣ್ಣು ಮುಚ್ಚಿ ಚಪ್ಪರಿಸಿದರು.

ಇಬ್ಬರೂ ಪೊಲೀಸರು ಅವರ ಬಾಯನ್ನೇ ನೋಡಿದರು.

“ಮೂರ ವರ್ಷ ಆತು ಬಾಯಾಗ ಹಾಕಿ” ಎಂದರು ಅವ್ವ. “ಪೊಲೀಸಪ್ಪನ ಪುಣ್ಯ.”

ಕಿರಿಯ ಪೊಲೀಸನಿಗೆ ಭಾಷೆ ಬರದಿದ್ದರೂ ನಗು ತಡೆಯಲಾಗಲಿಲ್ಲ. ಅಂಗಡಿಯವನೂ ಹೊರಗೆ ಬಂದು, ಹೌದು, ನಾನೇ ಒಪ್ಪಿದ್ದೆ ಎಂದ. ಹಿರಿಯನು ನನ್ನ ಹೆಸರನ್ನು ಬರೆದುಕೊಂಡು, ಇನ್ನು ಮುಂದೆ ಇಂಥದ್ದು ಇಡಬೇಡಿ ಎಂದು ಹೇಳಿ ಡಬ್ಬಿಯನ್ನು ಹಿಂದಿರುಗಿಸಿದ. ಅವ್ವ ಅಲ್ಲಿಗೂ ಬಿಡಲಿಲ್ಲ. ಚೀಟಿ ಬಿಡಿಸಿ, ಪೆನ್ನಿನ ಸಮೇತ ಕಿರಿಯನ ಮುಂದೆ ಹಿಡಿದರು. ಡಬ್ಬಿ ಸಿಕ್ಕವರು ಹೆಸರು ಬರೆಯಬೇಕಲ್ಲ. ಅವನು ಹಿರಿಯನ ಮುಖ ನೋಡಿ, ಬೇಗ ಬೇಗ ಗೀಚಿದ.

ಟ್ರೇನಿನಲ್ಲಿ ಅವ್ವ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ಅಂಜಬ್ಯಾಡಬೇ. ನೂರ ವರ್ಷ ತಡಿ. ಪಾತ್ರಿ ಒರಸೋ ಅರಿವಿ ಮ್ಯಾಲ ನಿನ್ನ ಚಿತ್ರನೂ ಬರತೈತಿ.” ನಗುತ್ತ ನಗುತ್ತ ನನಗೆ ಅಳು ಬಂತು.

ಮನೆಯಲ್ಲಿ ಯಜಮಾನರು ಹೆದರಿಹೋದರು. ಅವರು ಬೆಂಗಳೂರಿನವರು. ಮನೆಯಲ್ಲಿ ನಮ್ಮದು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಅವರದು ಪೂರ್ತಿ ಕನ್ನಡವೇ.

“ನಾಳೆ ಇಂಟರ್‌ವ್ಯೂನಲ್ಲಿ ಕೇಳಿದ್ರೆ ಏನ್ ಹೇಳ್ತೀಯಾ? ಪೊಲೀಸರ ಹತ್ರ ಹೆಸರು ಯಾಕಿದೆ ಅಂತ?”

“ಸಕ್ಕರೆ ಇಟ್ಟಿದ್ದೆ ಅಂತ ಹೇಳ್ತೀನಿ.”

“ಜೋಕ್ ಮಾಡಬೇಡ. ಇನ್ನು ಆ ಅಜ್ಜಿ ಜೊತೆ ಹೋಗೋದು ಬೇಡ. ಮನೇಲಿದ್ರೆ ಯಾರಿಗೂ ತೊಂದರೆ ಇಲ್ಲ.”

ಅವರದು ಕೆಟ್ಟ ಮಾತಲ್ಲ, ಭಯದ ಮಾತು. ಆ ಭಯ ನನ್ನಲ್ಲೂ ಇತ್ತು. ಆದರೆ ಆ ಸಂಜೆ ಮಣಿ ಎಣಿಸುವಾಗ ಒಂದು ವಿಷಯ ಹೊಳೆಯಿತು. ಹದಿನೇಳನೆಯ ಮಣಿಗೆ ಬಂದಾಗಲೂ ನಾನು ಆ ಬೀದಿಯಲ್ಲೇ ಇದ್ದೆ. ಹೆಸರು ಕೇಳಿದಾಗ ದನಿ ಬಂತು, ಒಂದು ಮಣಿ. ಓಡಲಿಲ್ಲ, ಒಂದು ಮಣಿ. ಅಂಗಡಿಯವನು ಹೊರಗೆ ಬಂದ, ಒಂದು ಮಣಿ. ಮನೆಯಲ್ಲಿದ್ದಿದ್ದರೆ ಇವು ಯಾವುವೂ ಇಲ್ಲ. ತಲೆ ಮುಚ್ಚಿಕೊಳ್ಳಬೇಕು ಎನ್ನುವುದು ನಾನು ನಂಬಿರುವ ಮಾತು. ತಲೆ ತಗ್ಗಿಸಿಕೊಂಡಿರಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಆ ಶನಿವಾರ ಸ್ಕಾರ್ಫಿಗೆ ಪಿನ್ನು ಸಿಕ್ಕಿಸಿ, ಚಹಾ ಫ್ಲಾಸ್ಕು ತುಂಬಿ, ಕೆಳಗೆ ಇಳಿದು ಅವ್ವನ ಬಾಗಿಲು ಬಡಿದೆ. ಯಜಮಾನರು ಸೋಫಾದ ಮೇಲಿಂದ ನೋಡಿದರು, ತಡೆಯಲಿಲ್ಲ. ಮಗಳು ಅವರಿಗೆ, “ಲೆಟ್ ಹರ್ ಗೋ, ಅಬ್ಬಾ” ಅಂದದ್ದು ಕೇಳಿಸಿತು. ಅದೂ ಒಂದು ಮಣಿ.

ನಮ್ಮ ಡಬ್ಬಿಗೆ ಮಾತ್ರ ಜಾಗ ಮತ್ತೆ ಸಿಗಲಿಲ್ಲ. ಆ ಅಂಗಡಿಯವನು ಒಳ್ಳೆಯ ಮಾತಿನಲ್ಲೇ ಬೇಡ ಎಂದ. ಗಲಾಟೆ ಗಿರಾಕಿಗಳಿಗೆ ಹಿಡಿಸುವುದಿಲ್ಲವಂತೆ. ಆ ಬೀದಿಯ ಉಳಿದವರನ್ನೂ ಕೇಳಿದೆವು. ಅವ್ವ ಒಂದು ವರ್ಷ ಬಿಡದೆ ಕೇಳಿದರು, ಪ್ರತಿ ಸಲವೂ ಇಳಕಲ್ ಸೀರೆ, ಬಿಳಿ ಶೂ. ಬೇರೆ ಕಡೆ ಇಡೋಣ ಎಂದರೆ ಒಪ್ಪುತ್ತಿರಲಿಲ್ಲ. “ಎಲ್ಲಿ ಬ್ಯಾಡ ಅಂದರೋ ಅಲ್ಲೇ ಇಡೂದು.”

ಆಮೇಲೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್ಸು. ನಾನು ಕಾರು ಕಲಿತದ್ದು ಆಗಲೇ, ಅವ್ವನನ್ನು ಫ್ರೀಮಾಂಟಿನ ಆಸ್ಪತ್ರೆಗೆ ಕರೆದೊಯ್ಯಲು. ಫ್ರೀವೇಯಲ್ಲಿ ಲೇನು ಬದಲಿಸಲು ನಾನು ಹೆದರಿದರೆ ಪಕ್ಕದ ಸೀಟಿನಿಂದ ಕಿಟಕಿಯಾಚೆ ಕೈ ಹಾಕಿ, ಎತ್ತಿನ ಗಾಡಿ ತಿರುಗಿಸುವವರ ಹಾಗೆ, ಹಿಂದಿನ ಕಾರುಗಳನ್ನು ತಡೆಯುತ್ತಿದ್ದರು...

ಕೊನೆಯ ಸಲ ನೋಡಿದಾಗ ಮಾತು ಕಡಿಮೆಯಾಗಿತ್ತು. ದಿಂಬಿನ ಕೆಳಗಿನಿಂದ ಸುಣ್ಣದ ಡಬ್ಬಿ ತೆಗೆದು ನನ್ನ ಕೈಗಿಟ್ಟು ಬೆರಳುಗಳನ್ನು ಮಡಿಸಿದರು. “ಮನಿಗೆ ಹೋಗಿ ತಗಿ” ಎಂದರು. ಮನೆಗೆ ಬಂದು ತೆಗೆದೆ. ಒಳಗೆ ಆ ಹಳೆಯ ಚೀಟಿ, ಮತ್ತು ದಾರ ಸುತ್ತಿದ ಚಿಟಿಕೆ ಸಕ್ಕರೆ. ಸಕ್ಕರೆ ಹೊರಗಿಡದ ಆ ಡಾಕ್ಟರ ಮನೆಯಲ್ಲಿ ಎಲ್ಲಿಂದ ಹೊಂಚಿ ತಂದಿದ್ದರೋ. ಬರಿದು ಕೊಟ್ಟಿರಲಿಲ್ಲ.

ಅದಾಗಿ ಮೂರನೆಯ ದಿನ ಅವ್ವ ಹೋಗಿಬಿಟ್ಟರು. ಅವರ ಮಗಳು ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋದರು. ಕೆಳಮನೆಗೆ ಯಾರ್ಯಾರೋ ಬಂದರು, ಹೋದರು. ಆ ಪೊಟ್ಟಣವನ್ನು ತಿನ್ನಲೂ ಆಗದೆ, ಎಸೆಯಲೂ ಆಗದೆ, ಡ್ರಾಯರಿನ ಮೂಲೆಗೆ ತಳ್ಳಿ, ಐದು ವರ್ಷ ಒರೆಸುವಾಗಲೂ ಆ ಮೂಲೆಯನ್ನು ಬಿಟ್ಟು ಕಣ್ಣು ತಪ್ಪಿಸಿಕೊಂಡಿದ್ದೆ.

ಈ ಸಲ ತಪ್ಪಿಸಿಕೊಳ್ಳಲಿಲ್ಲ. ರಂಜಾನಿಗೆ ನಾಲ್ಕು ದಿನ ಇರುವಾಗ, ಶನಿವಾರ, ಟ್ರೇನು ಹತ್ತಿದೆ. ಯಜಮಾನರು ಕೇಳಿದ್ದಿಷ್ಟೇ, “ಮತ್ತೆ ಅಲ್ಲಿಗೇನಾ? ಸಕ್ಕರೆ ಮಾತ್ರ ಇಡಬೇಡ ಕಣೇ.” ಅಂದಹಾಗೆ ಗ್ರೀನ್ ಕಾರ್ಡಿನ ಇಂಟರ್‌ವ್ಯೂನಲ್ಲಿ ಆ ವಿಷಯ ಯಾರೂ ಕೇಳಲೇ ಇಲ್ಲ. ಉತ್ತರವನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ.

ಕಾಫಿ ಅಂಗಡಿ ಈಗ ಬೇರೆಯವರ ಕೈಯಲ್ಲಿದೆ. ಕೌಂಟರಿನ ಹಿಂದಿದ್ದ ಹೆಂಗಸಿಗೆ ನಡೆದದ್ದನ್ನೆಲ್ಲ ಹೇಳಿದೆ, ಪೊಲೀಸರದ್ದನ್ನೂ ಬಿಡದೆ. ಮುಚ್ಚಿಟ್ಟು ಪಡೆದ ಒಪ್ಪಿಗೆ ನನಗೆ ಬೇಡವಾಗಿತ್ತು. ಆಕೆ ಡಬ್ಬಿಯನ್ನು ತಿರುಗಿಸಿ ನೋಡಿ, ಮೂಸಿ, ಇಡಿ ಎಂದಳು.

ಹೂಕುಂಡ ಬದಲಾಗಿದೆ, ಇಟ್ಟಿಗೆಯ ಸಂದಿ ಅದೇ ಇದೆ. ಪೊಟ್ಟಣ ಹೊರತೆಗೆದು, ಹೊಸ ಚೀಟಿಯ ಮೇಲೆ ಕನ್ನಡದಲ್ಲಿ ನಮ್ಮ ಹೆಸರು ಬರೆದೆ, ಎರಡು ಬಾತುಕೋಳಿ. ಒಂದು ಎಂದು ಬರೆಯುವುದಿಲ್ಲ. ಬರಿದು ಇಡಬಾರದಲ್ಲ, ತಸ್ಬೀಹಿನ ಒಂದು ಮಣಿ ಬಿಚ್ಚಿ ಒಳಗೆ ಹಾಕಿದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತಳು. ಕೈಯಲ್ಲಿ ಫೋನು. ನನ್ನ ಸ್ಕಾರ್ಫನ್ನು, ಸಂದಿಯೊಳಗಿನ ಕೈಯನ್ನು ನೋಡುತ್ತಿದ್ದಳು. ನಾನು ಕೈ ಹೊರಗೆ ತೆಗೆಯಲಿಲ್ಲ. ಡಬ್ಬಿಯನ್ನು ಪೂರ್ತಿ ಒಳಗೆ ತಳ್ಳಿದ ಮೇಲೆಯೇ ಎದ್ದು ನಿಂತು, “ಏನ ನೋಡ್ತಿ? ಬಾ, ನೀನೂ ಹುಡುಕು” ಎಂದೆ, ಕನ್ನಡದಲ್ಲೇ.

ಆಮೇಲೆ ಅವ್ವ ಕೂತಿದ್ದ ಕಟ್ಟೆಯ ಮೇಲೆ ಕೂತು, ದಾರವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಗಟ್ಟಿಯಾಗಿದ್ದ ಆ ಸಕ್ಕರೆಯನ್ನು ಎಲ್ಲರೆದುರು ಬಾಯಿಗೆ ಹಾಕಿಕೊಂಡೆ. ಸುಣ್ಣದ ವಾಸನೆ ಅದಕ್ಕೂ ಹತ್ತಿತ್ತು. ಕರಗಲು ಬಹಳ ಹೊತ್ತು ಹಿಡಿಯಿತು.

ಈಗ ನನ್ನ ಸರದಲ್ಲಿ ಮೂವತ್ತೆರಡೇ ಮಣಿ. ಸಂಜೆ ಎಣಿಸುತ್ತ ಹೋದರೆ ಕೊನೆಗೆ ಬೆರಳಿಗೆ ಬರೀ ದಾರ ಸಿಗುತ್ತದೆ. ಅಲ್ಲಿ ಅವ್ವನನ್ನು ಎಣಿಸುತ್ತೇನೆ.